ಬಂಗುಡೆ ಬಾಯ್ಸ್ ರೆಕಾರ್ಡಿನ ಕೊನೆಯ ಹಾಡು

ಬಿಜೈ, ಮಂಗಳೂರು
೧೯ ಜನವರಿ ೧೯೬೮

ಬೊನಿ ಮಾರಾಯ,

ನಿನ್ನ ಕಾಗದಗಳು ಒಂದರ ಹಿಂದೆ ಒಂದು ಬಂದಿವೆ. ಎಲ್ಲದರಲ್ಲೂ ಅದೇ ಎರಡು ಪ್ರಶ್ನೆ. ಹೊಸ ರೆಕಾರ್ಡಿನ ಬಗ್ಗೆ ಊರಿನವರು ಎಂತ ಹೇಳ್ತಾರೆ? ತಂಗಿ ಎಂತ ಹೇಳಿದಳು? ಎರಡನೆಯದಕ್ಕೆ ಉತ್ತರ ಬರೆಯಲು ಕೂತು ಕೂತು ನಾಲ್ಕು ಇನ್‌ಲ್ಯಾಂಡ್ ಹಾಳು ಮಾಡಿದ್ದೇನೆ. ಇವತ್ತು ಮೊದಲನೆಯದರಿಂದ ಶುರು ಮಾಡ್ತೇನೆ. ಅದು ಸುಲಭ.

ಬಸ್ ಕಂಡಕ್ಟರನ ಹಾಡು ಎಲ್ಲರಿಗೂ ಹಿಡಿಸಿದೆ. ನಂತೂರಿನಲ್ಲಿ ನಿಜವಾದ ಕಂಡಕ್ಟರುಗಳು “ಒಳಗೆ ಹೋಗಿ, ಇನ್ನೂ ಒಳಗೆ ಹೋಗಿ” ಅಂತ ನಿನ್ನ ರಾಗದಲ್ಲೇ ಕೂಗ್ತಾರೆ. ನೀವು ಬಂಗುಡೆ ಬಾಯ್ಸ್ ನಾಲ್ವರೂ ಗಿಟಾರಿನ ಬದಲು ಮೀನಿನ ಬುಟ್ಟಿ ಹಿಡಿದು ನಿಂತ ಕವರಿನ ಫೋಟೋ ಉಂಟಲ್ಲ, ಅದನ್ನು ನೋಡಿ ಕೊಡಿಯಾಲ್‌ಬೈಲಿನ ಕಾಲೇಜು ಹುಡುಗರು ನಮ್ಮ ರೆಕಾರ್ಡ್ ಅಂಗಡಿಯ ಒಳಗೆ ಬರ್ತಾರೆ, ಎರಡೂ ಬದಿ ಹಾಕಿಸಿ ಕೇಳ್ತಾರೆ, ನಗ್ತಾರೆ, ಹೋಗ್ತಾರೆ. ಒಬ್ಬ ಹೇಳಿದ, ಇದು ರಾಕ್ ಎಂಡ್ ರೋಲೇ ಅಲ್ಲವಂತೆ. ಅವನ ಸ್ನೇಹಿತ ಹೇಳಿದ, ಇಂಡಿಯಾದಲ್ಲಿ ಇದೊಂದೇ ರಾಕ್ ಎಂಡ್ ರೋಲಂತೆ. ಇಬ್ಬರೂ ನನ್ನ ಮುಖ ನೋಡಿದರು. ನಾನು ರೆಕಾರ್ಡ್ ಒರೆಸಿ ಕವರಿನೊಳಗೆ ಹಾಕಿದೆ. ಬೆಳಗ್ಗಿನಿಂದ ಸಂಜೆಯವರೆಗೆ ಅದನ್ನೇ ಹಾಕಿ ಹಾಕಿ ನನಗೆ ಅಭಿಪ್ರಾಯವೇ ಇಲ್ಲದ ಹಾಗೆ ಆಗಿದೆ.

ಬಂದರಿನ ಮೀನಿನ ಅದ್ದುವಿನದ್ದು ಮಾತ್ರ ನಿನಗೆ ಹೇಳಬೇಕು. ನಿಮ್ಮ ಮೊದಲನೇ ರೆಕಾರ್ಡ್ ಸವೆಯುವವರೆಗೆ ಕೇಳಿದವನು ಅವನು. ಇದನ್ನು ಕೇಳಿ ತಲೆ ಅಲ್ಲಾಡಿಸಿದ. “ಹಳೆಯದರಲ್ಲಿ ಮೀನಿನ ವಾಸನೆ ಉಂಟು ದೇವು. ಇದನ್ನು ಬೊಂಬಾಯಿಯವರು ಸಾಬೂನು ಹಾಕಿ ತೊಳೆದಿದ್ದಾರೆ.” ಆಮೇಲೆ ತಂಗಿಗಾಗಿ ನೀನು ಕಟ್ಟಿದ ಕೊನೆಯ ಹಾಡು ಬಂತು. ಅದನ್ನು ಮತ್ತೆ ಹಾಕು ಅಂದ. ಮತ್ತೆ ಹಾಕಿದೆ. “ತಮಾಷೆ ಎಲ್ಲಿ ಬರ್ತದೆ? ಇನ್ನೂ ಬರಲಿಲ್ಲ?” ಅಂತ ಕೇಳಿದ. ಇದರಲ್ಲಿ ತಮಾಷೆ ಇಲ್ಲ ಅಂದೆ. “ಸುಮ್ಮನಿರು ಮಾರಾಯ, ಬೊನಿಯದ್ದು ಅಲ್ವಾ? ಕೊನೆಯಲ್ಲಿ ಬಂದೇ ಬರ್ತದೆ” ಅಂದ. ಹಾಡು ಮುಗಿದು ಸೂಜಿ ಕರಕರ ತಿರುಗುವಾಗಲೂ ಅವನು ಸ್ಪೀಕರಿಗೆ ಕಿವಿ ಕೊಟ್ಟು ನಗಲು ತಯಾರಾಗಿ ನಿಂತಿದ್ದ.

ಆಗಲೇ ನನಗೆ ಗೊತ್ತಾಗಬೇಕಿತ್ತು.

ನಿನ್ನ ತಂಗಿ ಜೋನಳ ರೋಸಿನ ದಿನ ಅಂಗಡಿಯ ಪ್ಲೇಯರ್ ಹೊತ್ತು ನಿಮ್ಮ ಮನೆಗೆ ಹೋದೆ. ಮಲ್ಪೆಯಿಂದ ಬಂದ ಮೊಗವೀರರ ಹುಡುಗ ನಾನು, ನಿಮ್ಮವರ ಆ ಶಾಸ್ತ್ರವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮದುವೆಯ ಮುನ್ನಾದಿನ ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ ಮನೆಯವರು ಒಬ್ಬೊಬ್ಬರೇ ಬಂದು ತಲೆಗೆ, ಕೆನ್ನೆಗೆ ತೆಂಗಿನಹಾಲು ಹಚ್ಚುವುದು ನನಗೆ ಬಹಳ ಚೆಂದ ಕಂಡಿತು. ನಿನ್ನ ಅಮ್ಮ ಮೊದಲು ಹಚ್ಚಿದರು. ತಂದೆ ಇಲ್ಲದ ಮನೆ, ಆಮೇಲಿನ ಸರದಿ ನಿನ್ನದು. ಎಲ್ಲರೂ ಜಾಗ ಬಿಟ್ಟು ನಿಂತರು. ನೀನು ಬರೆದ ಹಾಗೆಯೇ, ನಿನ್ನ ಬದಲಿಗೆ ನಾನು ಕೊನೆಯ ಹಾಡು ಹಾಕಿದೆ.

ಗಿಟಾರ್ ಬಂದಾಗ ಎಲ್ಲ ಸರಿ ಇತ್ತು. ನಿನ್ನ ಮೂಗಿನ ಸ್ವರ ಬಂದದ್ದೇ ಹಿಂದಿನ ಬೆಂಚಿನಿಂದ ಒಬ್ಬ ಕಿಸಕ್ಕಂದ. “ನೀನು ಹೋದ ಮೇಲೆ ನನ್ನ ಅನ್ನದ ಬಟ್ಟಲು ಮುಚ್ಚಿಡುವವರು ಯಾರು” ಅನ್ನುವ ಸಾಲಿಗೆ ಚಪ್ಪರವೇ ನಕ್ಕಿತು. ನಿನ್ನ ಚಿಕ್ಕಪ್ಪ ಆಂಬ್ರೋಸ್ ಬಾಪ್ಪು ತೊಡೆ ತಟ್ಟಿ, “ನೋಡಿ ಇವನನ್ನು! ತಂಗಿಯ ಮದುವೆಯಲ್ಲೂ ಇವನಿಗೆ ಹೊಟ್ಟೆಯದ್ದೇ ಚಿಂತೆ!” ಅಂದರು. ನೀನು ತಡವಾಗಿ ಬಂದಾಗ ಅವಳು ಅಪ್ಪ ಏಳದ ಹಾಗೆ ಬಾಗಿಲು ತೆಗೆಯುತ್ತಿದ್ದ ಸಾಲು ಬಂತಲ್ಲ, ಅದಕ್ಕೆ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಬೈಯಬೇಡ. ಅವರು ಒಳ್ಳೆಯ ಜನ. ವರ್ಷಗಟ್ಟಲೆ ನೀನೇ ಅವರಿಗೆ ಅದನ್ನು ಕಲಿಸಿದ್ದು, ನಿನ್ನ ಸ್ವರ ಕೇಳಿದರೆ ನಗಬೇಕು ಅಂತ.

ಜೋನ್ ಕಣ್ಣು ಮುಚ್ಚಿ ಕೂತಿದ್ದಳು. ಮುಖದ ತುಂಬಾ ಹಾಲು ಇಳಿಯುತ್ತಿತ್ತು. ಅವಳ ಭುಜ ಅಲುಗಿತು. “ಅಗೋ, ಮದುಮಗಳೂ ನಗ್ತಾ ಇದ್ದಾಳೆ! ಇನ್ನೊಮ್ಮೆ ಹಾಕು ದೇವು!” ಅಂದರು ಬಾಪ್ಪು. ಅಷ್ಟು ಹಾಲಿನ ಮಧ್ಯೆ ನಗುವಾ ಅಳುವಾ ಅಂತ ಯಾರಿಗೆ ಗೊತ್ತಾಗ್ತದೆ? ನಾನು ಸೂಜಿ ಎತ್ತಿ ಕರೆಂಟು ಹೋಯಿತು ಅಂದೆ. ತಲೆಯ ಮೇಲೆ ಚಪ್ಪರದ ಬಲ್ಬುಗಳೆಲ್ಲ ಉರಿಯುತ್ತಿದ್ದವು. ಅದಕ್ಕೂ ನಕ್ಕರು. ಅಮ್ಮ ಎದ್ದು ಅಡುಗೆಮನೆಗೆ ಹೋದರು.

ಈಗ ನಿನ್ನ ಎರಡನೇ ಪ್ರಶ್ನೆ. ಸ್ನಾನ ಮುಗಿಸಿ ಒದ್ದೆ ಕೂದಲಿನಲ್ಲಿ ಹೊರಗೆ ಬಂದ ಜೋನ್, ನಾನು ವಯರು ಸುತ್ತುವುದನ್ನು ನೋಡುತ್ತಾ ಕೇಳಿದಳು, “ಹಾಡಿಗೆ ಬೊಂಬಾಯಿಯಿಂದ ಬರಲು ಟಿಕೆಟ್ ಸಿಕ್ಕಿತು. ಅವನಿಗೆ ಸಿಗಲಿಲ್ಲವಾ?”

ಪ್ರೋಗ್ರಾಂ ಇತ್ತು, ಕಂಪನಿಯವರು ಬಿಡಲಿಲ್ಲ ಅಂತ ನೀನು ಬರೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. “ಹಾಡು ಚೆಂದ ಉಂಟು. ಆದರೆ ಹಾಲು ಹಚ್ಚಲಿಕ್ಕೆ ಕೈ ಬೇಕಲ್ಲ, ದೇವಣ್ಣ” ಅಂದಳು. ಅಷ್ಟೇ. ಮರುದಿನ ಚರ್ಚಿನಲ್ಲಿ ಬಾಪ್ಪು ಅವಳ ಕೈ ಹಿಡಿದು ನಡೆಸಿದರು. ಮದುವೆ ಚೆನ್ನಾಗಿ ಆಯಿತು, ಹಂದಿ ಸಾರು ಕಡಿಮೆ ಬೀಳಲಿಲ್ಲ. ಅದರ ವರದಿ ನಿನಗೆ ಬೇರೆಯವರು ಬರೆದಾರು.

ಮುಂದಿನ ರೆಕಾರ್ಡ್ ಪೂರ್ತಿ ಕೊನೆಯ ಹಾಡಿನ ಹಾಗೆ ಮಾಡಲಾ, ಇಲ್ಲ ಬಂಗುಡೆಯ ತಮಾಷೆಗೇ ವಾಪಸ್ ಹೋಗಲಾ ಅಂತ ಕೇಳಿದ್ದೀ. ನನಗೆ ಗೊತ್ತಿಲ್ಲ ಬೊನಿ. ಬಿಸ್ಕಿಟ್ ಡಬ್ಬಿ ಬಡಿದು ನಿನ್ನ ಜೊತೆ ಶುರು ಮಾಡಿದವನು ನಾನು, ನನಗೆ ತಾಳ ಗೊತ್ತು, ಜನ ಗೊತ್ತಿಲ್ಲ. ಊರಿನವರ ಅಭಿಪ್ರಾಯ ಕೇಳಿ ಕೇಳಿ ದಣಿದಿದ್ದೇನೆ. ನೀನೂ ದಣಿದಿದ್ದೀ ಅಂತ ನಿನ್ನ ಅಕ್ಷರ ನೋಡಿದರೆ ಗೊತ್ತಾಗ್ತದೆ. ನನ್ನನ್ನು ಬೊಂಬಾಯಿಗೆ ಕರೆಸುವ ಮಾತು ಸದ್ಯ ಬೇಡ. ಊರು ಬಿಟ್ಟು ಬಂದ ಮೇಲೆ ಎಲ್ಲಿ ಮಲಗಿದರೂ ನನಗೆ ನಿದ್ದೆ ಅಷ್ಟಕ್ಕಷ್ಟೇ, ಇಲ್ಲಾದರೂ ಅಲ್ಲಾದರೂ. ಕರೆಸುವ ದುಡ್ಡಿನಲ್ಲಿ ನೀನೇ ಒಮ್ಮೆ ಬಾ. ಗಿಟಾರ್ ತರಬೇಡ. ಬಿಜೈಯಲ್ಲಿ ಇಳಿದು ಮನೆಗೆ ಹೋಗು, ಅಮ್ಮನ ಹತ್ತಿರ ಸ್ವಲ್ಪ ಕೂತುಕೋ, ಆಮೇಲೆ ಕಿನ್ನಿಗೋಳಿಗೆ, ಜೋನಳ ಗಂಡನ ಮನೆಗೆ ಹೋಗು.

ಇಷ್ಟೇ ನನ್ನ ವರದಿ.

ನಿನ್ನ,
ದೇವದಾಸ್

ಮರೆತದ್ದು: ರೋಸಿಗೆ ತಂದ ಆ ರೆಕಾರ್ಡನ್ನು ಜೋನ್ ಕೇಳಿ ತೆಗೆದುಕೊಂಡಳು, ಮದುವೆ ಸೀರೆಯ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಳು. ಗಂಡನ ಮನೆಯಲ್ಲಿ ಪ್ಲೇಯರಿಲ್ಲ, ಇನ್ನೂ ಕರೆಂಟೇ ಬಂದಿಲ್ಲ, ಎಂತ ಮಾಡ್ತೀ ಅಂತ ಕೇಳಿದೆ. “ಗೊತ್ತುಂಟು. ಅಲ್ಲಾದರೆ ಇದನ್ನು ಕೇಳಿ ಯಾರೂ ನಗುವುದಿಲ್ಲವಲ್ಲ” ಅಂದಳು.