ತಿರುವಿನಲ್ಲಿ ಎತ್ತುವ ಕೈ

ಇಟಲಿ, ಭಾನುವಾರ
೧೮ ಮೇ ೨೦೨೫

ಪರಿಮಳಾ,

ಹೇಗಿದ್ದೀ ಎಂದು ಕೇಳುವುದಿಲ್ಲ. ಹೊರಡುವ ಮುಂಚೆ ನಿನ್ನ ಅಕ್ಕ ಲಾಲಮ್ಮನವರಿಗೆ ಫೋನು ಮಾಡಿದ್ದೆ. ನಿನ್ನ ಕಾಲಿನ ಬಾವು ಪೂರ್ತಿ ಇಳಿದಿದೆ ಎಂದರು. ಕಕ್ಕೇರಾದಲ್ಲಿಯೇ, ಹೊಲಿಗೆ ಮಿಷನ್ ಇಡಲು ಜಾಗವಿರುವ ಎರಡು ಕೋಣೆಯ ಮನೆ ನೋಡಿದ್ದೀ, ಜೂನ್ ಒಂದಕ್ಕೆ ಅಕ್ಕನ ಮನೆ ಬಿಟ್ಟು ಅಲ್ಲಿಗೆ ಹೋಗುತ್ತೀ ಎಂದೂ ಹೇಳಿದರು. ಆಮೇಲೆ, ಮೂರು ವರ್ಷದಿಂದ ನೀನು ಹೇಳಿಕಳಿಸುತ್ತಿರುವ ಮಾತನ್ನೇ ಇನ್ನೊಮ್ಮೆ ಹೇಳಿದರು: "ಅವತ್ತ ಕೆಂಭಾವಿಯೊಳಗ ಏನಾತು ಅಂತ ಅವ್ರು ಒಮ್ಮಿ ಇದ್ದದ್ದು ಇದ್ದಂಗ ಹೇಳ್ಲಿ. ನಾ ಬರ್ತೀನಿ." ಹೊಸ ಮನೆಗೆ ಹೋದ ಮೇಲೆ ಈ ಮಾತು ಇರುವುದಿಲ್ಲವಂತೆ. ಅಲ್ಲಿಗೆ ಹಳೆಯದನ್ನು ಒಯ್ಯುವುದಿಲ್ಲ ಎಂದಿದ್ದೀಯಂತೆ.

ಈ ವಿಷಯವಾಗಿ ನಾನು ನಿನಗೆ ಮೂರು ಪತ್ರ ಬರೆದಿದ್ದೇನೆ. ಮೂರರಲ್ಲೂ ಬಸ್ಸಿನ ಗದ್ದಲದ ಬಗ್ಗೆ ಬರೆದಿದ್ದೇನೆ. ಇವತ್ತು ಬೇರೆ ಏನಾದರೂ ಬರೆಯೋಣವೆಂದು ಕುಳಿತಿದ್ದೇನೆ. ಇವತ್ತು ನಡೆದ ದಾರಿಯ ಬಗ್ಗೆ.

ಬೇರೆ ಬೇರೆ ದೇಶದ ಶಿಕ್ಷಕರನ್ನು ಹತ್ತು ದಿನ ಒಂದೆಡೆ ಕೂಡಿಸುವ ಕಾರ್ಯಕ್ರಮ ಇದು. ನಮ್ಮ ಜಿಲ್ಲೆಯಿಂದ ಇಬ್ಬರು: ನಾನು, ಶಹಾಪುರದ ವಿಜ್ಞಾನ ಮಾಸ್ತರ ಅಜೀಮ. ಬುದ್ಧ ಪೂರ್ಣಿಮೆಯ ದಿನ ವಿಮಾನದಲ್ಲಿದ್ದೆವು. ಇಪ್ಪತ್ತಾರು ವರ್ಷ ಸುರಪುರದ ಹೈಸ್ಕೂಲಿನಲ್ಲಿ ನಾನು ಆಲ್ಪ್ಸ್ ಪರ್ವತವನ್ನು ಕೋಲಿನ ತುದಿಯಿಂದ ತೋರಿಸಿದ್ದೇನೆ. ನಕಾಶೆಯಲ್ಲಿ ಅದು ಕಂದು ಬಣ್ಣದ ಒಂದು ಕಂಬಳಿಹುಳು. ಪ್ರತಿ ವರ್ಷ ಯಾರಾದರೂ ಒಬ್ಬರು "ನೀವು ನೋಡೀರೇನ್ರಿ ಸರ್?" ಎಂದು ಕೇಳುತ್ತಿದ್ದರು. ನೋಡದೆ ಹೇಳುವುದೇ ಭೂಗೋಳ ಎಂದು ನಗಿಸಿ ಮುಂದೆ ಹೋಗುತ್ತಿದ್ದೆ.

ಇವತ್ತು ಗಟ್ಟಿಗರೆಲ್ಲ ಹಿಮದ ಕಡೆಗೆ ಏರಿದರು. ಉಳಿದ ಎಂಟು ಜನರಿಗೆ ಸುಲಭದ ನಡಿಗೆ, ಬೆಟ್ಟದ ಸೊಂಟದಲ್ಲಿರುವ ಮೂರು ಹಳೆಯ ವಸತಿಗಳನ್ನು ನೋಡಿ ಇಳಿಯುವುದು. ನನ್ನ ಬಲ ಮೊಣಕಾಲು ಹೋದ ವರ್ಷದಿಂದ ಕೆಟ್ಟಿದೆ. ಇದನ್ನು ನಾನು ನಿನ್ನ ಅಕ್ಕನಿಗೂ ಹೇಳಿಲ್ಲ.

ವಸತಿ ಎಂದರೆ ಎಂಟೋ ಹತ್ತೋ ಮನೆ. ಕೆಳಗೆ ಕಲ್ಲು, ಮೇಲೆ ಬಿಸಿಲಿಗೆ ಕಪ್ಪಾದ ಮರ, ಅದರ ಮೇಲೆ ಮತ್ತೆ ಚಪ್ಪಡಿ ಕಲ್ಲಿನ ಮಾಡು. ಅಜೀಮ ಒಂದು ಚಪ್ಪಡಿಯನ್ನು ಬೆರಳಿನಿಂದ ಬಡಿದು, "ಸರ್, ಇದು ನಮ್ಮ ಕಡಿ ಪರಸಿ ಕಲ್ಲೇ ಐತಲ್ರಿ. ಯಾವ ಲಾರಿಯಾಗ ಬಂತು ಇಲ್ಲೀತನ?" ಎಂದರು. ಶಹಾಪುರದ ಗುಡ್ಡದ ಸಾಲಿನಲ್ಲಿ ಮಲಗಿದ ಬುದ್ಧನ ಆಕಾರ ಕಾಣುವಂತೆ ಇಲ್ಲಿಯೂ ಯಾರಾದರೂ ಮಲಗಿದ್ದಾರೇನು ಎಂದು ಇಬ್ಬರೂ ಹುಡುಕಿದೆವು. ಯಾರೂ ಇಲ್ಲ. ಇಲ್ಲಿನ ಶಿಖರಗಳು ಎದ್ದು ಕುಳಿತವರಂತಿವೆ.

ಮೊದಲ ವಸತಿಯಲ್ಲಿ ಕಾಳಿನ ಕಣಜಗಳು ಅಣಬೆಯಾಕಾರದ ಕಲ್ಲುಗಳ ಮೇಲೆ ನಿಂತಿವೆ. ಇಲಿ ಕಾಲನ್ನು ಏರಿದರೂ ಮೇಲಿನ ಚಪ್ಪಟೆ ಕಲ್ಲನ್ನು ದಾಟಲಾರದು. ಎರಡನೆಯದರಲ್ಲಿ ಇಡೀ ವಸತಿಗೆ ಒಂದೇ ಒಲೆಗೂಡು. ಹಿಂದೆ ವರ್ಷಕ್ಕೊಮ್ಮೆ ಅದನ್ನು ಹೊತ್ತಿಸಿ, ಪಾಳಿಯ ಮೇಲೆ ಎಲ್ಲ ಮನೆಯವರೂ ವರ್ಷದ ಬ್ರೆಡ್ಡು ಸುಟ್ಟುಕೊಳ್ಳುತ್ತಿದ್ದರಂತೆ. ಅದು ಕಟ್ಟಿಗೆಯಂತಾದ ಮೇಲೆ ಕತ್ತರಿಸಲು ಬೇರೆಯದೇ ಒಂದು ಕತ್ತಿ. ನಿನ್ನ ಸಜ್ಜಿ ರೊಟ್ಟಿಯ ಬುಟ್ಟಿ ನೆನಪಾಯಿತು. ನೀನು ಹೋದ ಮೇಲೆ ಕೊನೆಯ ಐದಾರು ರೊಟ್ಟಿಗಳನ್ನು ನಾನು ತಿನ್ನದೆ ಇಟ್ಟಿದ್ದೆ. ನುಸಿ ಬಿದ್ದವು. ಚೆಲ್ಲಿದೆ.

ದಾರಿ ತೋರಿಸಿದವಳು ಲುಚಿಯಾ. ಎಪ್ಪತ್ತು ದಾಟಿದ ಹೆಂಗಸು, ಇದೇ ವಸತಿಗಳಲ್ಲಿ ದನ ಕಾಯ್ದು ಬೆಳೆದವಳು. ಹೊರಡುವ ಮುಂಚೆ ಹರಕುಮುರುಕು ಇಂಗ್ಲಿಷಿನಲ್ಲಿ ಎರಡು ನಿಯಮ ಹೇಳಿದಳು. ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ. ಮುಂದಿರುವವರು ಪ್ರತಿ ತಿರುವಿನಲ್ಲಿ ನಿಂತು, ಕೊನೆಯವರು ಕಣ್ಣಿಗೆ ಬೀಳುವ ತನಕ ಕಾಯ್ದು, ಕೈ ಎತ್ತಬೇಕು. ಕೊನೆಯವರೂ ಕೈ ಎತ್ತಬೇಕು. ಆಮೇಲೆ ಮುಂದಿನ ಹೆಜ್ಜೆ. ನೋಡಿದರೆ ಸಾಲದೇ ಎಂದು ನಾನು ಕೇಳಿದೆ. ಸಾಲದು ಎಂದಳು. ಅವಳ ಚಿಕ್ಕಂದಿನಲ್ಲಿ ಹಿಮ ಬಿದ್ದ ದಿನಗಳಲ್ಲಿ ಮನೆಯವರೆಲ್ಲ ಹೀಗೆಯೇ ವಸತಿಯಿಂದ ವಸತಿಗೆ ಹೋಗುತ್ತಿದ್ದರಂತೆ. ತನ್ನನ್ನು ಯಾರೋ ಕಂಡಿದ್ದಾರೆ ಎಂದು ಹಿಂದಿನವರಿಗೆ ಗೊತ್ತಾಗದಿದ್ದರೆ ಅವರು ಹಿಮದಲ್ಲಿ ಕುಳಿತುಬಿಡುತ್ತಾರಂತೆ.

ಮೊಣಕಾಲಿನ ದೆಸೆಯಿಂದ ನಾನೇ ಮುಂದಾದೆ. ಮುಂದೆ ನಡೆಯುವುದು ನನಗೆ ಹೊಸದಲ್ಲ, ನಿನಗೆ ಗೊತ್ತು. ಮದುವೆಯಾದ ವರ್ಷ ಬೋನಾಳ ಕೆರೆಗೆ ಹೋದಾಗ ಏರಿಯ ಮೇಲೆ ಹತ್ತು ಹೆಜ್ಜೆ ಮುಂದೆ ನಡೆಯುತ್ತ, ಬಣ್ಣದ ಕೊಕ್ಕರೆಗಳ ಬಗ್ಗೆ ನಿನಗೆ ವಿವರಿಸುತ್ತಿದ್ದೆ. ನೀನು ಹಿಂದಿನಿಂದ, "ನಾ ಹಕ್ಕಿ ನೋಡಾಕ ಬಂದೀನೋ, ನಿಮ್ಮ ಬೆನ್ನ ನೋಡಾಕ ಬಂದೀನೋ ಮಾಸ್ತರ?" ಎಂದಿದ್ದೆ. ನಾನು ನಕ್ಕೆ. ನಿಲ್ಲಲಿಲ್ಲ. ನಮ್ಮಪ್ಪನೂ ಹಾಗೆಯೇ ನಡೆಯುತ್ತಿದ್ದ. ಅವ್ವ ಹಿಂದೆ ಬರುತ್ತಿದ್ದಾಳೆಂದು ಅವನಿಗೆ ನೋಡದೆಯೇ ಗೊತ್ತಿರುತ್ತಿತ್ತು. ಗೊತ್ತಿರುತ್ತಿತ್ತು ಎಂದು ನಾನು ತಿಳಿದಿದ್ದೆ.

ಮೊದಲ ಮೂರು ತಿರುವುಗಳಲ್ಲಿ ನಿಂತೆ, ಕೈ ಎತ್ತಿದೆ. ಕೊನೆಯಲ್ಲಿದ್ದ ಅಜೀಮ ಎರಡೂ ಕೈ ಎತ್ತಿದರು. ಎರಡನೆಯ ವಸತಿ ದಾಟಿದ ಮೇಲೆ ದಾರಿ ಸಮತಟ್ಟಾಯಿತು, ಮೊಣಕಾಲು ನೋವು ಮರೆಯಿತು. ಹಳೆಯ ನಡಿಗೆ ತಾನಾಗಿಯೇ ಬಂತು. ಮೂರನೆಯ ವಸತಿಯ ನೀರಿನ ದೋಣಿಯ ಬಳಿ ತಲುಪಿ ತಿರುಗಿದರೆ ಹಿಂದೆ ಯಾರೂ ಇಲ್ಲ.

ದೋಣಿ ಎಂದರೆ ದನಗಳಿಗೆ ನೀರು ಕುಡಿಸಲು ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ತೊಟ್ಟಿ. ಅದರ ಪಕ್ಕದ ಕಲ್ಲಿನ ಮೇಲೆ ಕುಳಿತೆ. ಮನೆಗಳೆಲ್ಲ ಮುಚ್ಚಿದ್ದವು. ನೀರು ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಪ್ಪತ್ತು ನಿಮಿಷ ಆಗಿರಬೇಕು. ಮೊದಲು ಸಿಟ್ಟು ಬಂತು, ನನ್ನನ್ನು ಬಿಟ್ಟು ಬೇರೆ ದಾರಿ ಹಿಡಿದರಲ್ಲ ಎಂದು. ಬಿಟ್ಟು ಬಂದವನು ನಾನೇ ಎಂಬುದು ಹೊಳೆಯಲು ತಡವಾಯಿತು. ಆಮೇಲೆ ಭಯವಾಯಿತು. ಭಾಷೆ ಬಾರದ ಊರು, ಕುಂಟುವ ಕಾಲು, ಗುರುತಿನವರು ಯಾರೂ ಇಲ್ಲ. ಕೆಂಭಾವಿಯಲ್ಲಿ ಒಬ್ಬಳೇ ಉಳಿದೆ ಎಂದು ತಿಳಿಯಲು ನಿನಗೆ ಅವತ್ತು ಎಷ್ಟು ನಿಮಿಷ ಹಿಡಿಯಿತೋ ಎಂದು ಯೋಚಿಸಿದೆ.

ಅವರು ಬಂದರು. ಅಜೀಮರ ಬೂಟಿನ ಅಟ್ಟೆ ಕಿತ್ತು ಹೋಗಿತ್ತು, ಯಾರದೋ ಚೀಲದ ಹಗ್ಗದಿಂದ ಕಟ್ಟಿದ್ದರು. ಲುಚಿಯಾ ಬೈಯಲಿಲ್ಲ. ತಿರುವಿನಲ್ಲಿ ನೋಡಿದೆಯಾ ಎಂದಷ್ಟೇ ಕೇಳಿದಳು. ನೋಡಿದೆ, ಯಾರೂ ಕಾಣಲಿಲ್ಲ ಎಂದೆ. ಮಾತು ಅಷ್ಟು ಸಲೀಸಾಗಿ ಬಂತು. ಅಜೀಮ ಕನ್ನಡದಲ್ಲಿ, ನನಗೆ ಮಾತ್ರ ತಿಳಿಯುವಂತೆ, "ಎಲ್ಲಿ ನೋಡಿದ್ರಿ ಸರ್? ಕೈ ಎತ್ತಿ ಎತ್ತಿ ನನ್ನ ಭುಜಾ ಹೋತು. ನಿಮ್ಮ ಬೆನ್ನಿಗೇನು ಕಣ್ಣ ಅದಾವೇನು?" ಎಂದರು. ನಗುತ್ತಲೇ ಅಂದರು. ನಾನು ಹಗ್ಗ ಕಟ್ಟಿದ ಅವರ ಬೂಟನ್ನು ನೋಡುತ್ತ ನಿಂತೆ.

ಇಳಿಯುವಾಗ ಲುಚಿಯಾ ಅಜೀಮರನ್ನು ಮುಂದೆ ಹಾಕಿ ನನ್ನನ್ನು ಕೊನೆಗೆ ನಿಲ್ಲಿಸಿದಳು. ಕೊನೆಯಲ್ಲಿ ನಡೆದದ್ದು ನನಗೆ ನೆನಪಿರುವಂತೆ ಇದೇ ಮೊದಲು. ಅಲ್ಲಿಂದ ಎಲ್ಲರ ಬೆನ್ನುಗಳು ಕಾಣುತ್ತವೆ. ಪ್ರತಿ ತಿರುವಿನಲ್ಲಿ ಅಜೀಮ ಟ್ರಾಫಿಕ್ ಪೊಲೀಸನಂತೆ ನಿಂತು ಕೈ ಎತ್ತುತ್ತಿದ್ದರು, ನಾನೂ ಎತ್ತುತ್ತಿದ್ದೆ. ಹನ್ನೊಂದು ತಿರುವುಗಳಿದ್ದವು. ಒಂದನ್ನೂ ಅವರು ತಪ್ಪಿಸಲಿಲ್ಲ.

ಕೆಂಭಾವಿಯದು ನೀನು ಕೇಳಿರುವುದೇ. ಸಂತೆಯ ದಿನ. ನಿನ್ನ ಚಿಕ್ಕಪ್ಪನ ಮನೆಯಲ್ಲಿ ಊಟ ಮಾಡಿ ಬಸ್ಸಿಗೆ ನಡೆಯುತ್ತಿದ್ದೆವು. ನಿನಗೆ ಚಿಕೂನ್‌ಗುನ್ಯಾ ಬಿಟ್ಟು ಇನ್ನೂ ಹತ್ತು ದಿನ ಆಗಿರಲಿಲ್ಲ. ಬಸ್ಸು ಹೊರಡುವುದರಲ್ಲಿತ್ತು, ನಾನು ಹತ್ತಿದೆ. ಗದ್ದಲದಲ್ಲಿ, ನೀನು ಮುಂದಿನ ಹೆಂಗಸರ ಸೀಟಿನಲ್ಲಿ ಇದ್ದೀ ಎಂದು ತಿಳಿದೆ. ನೀನು ಇಲ್ಲವೆಂದು ಸುರಪುರದಲ್ಲಿ ಇಳಿದಾಗ ಗೊತ್ತಾಯಿತು. ಹಿರಿಯರು ಕೂಡಿದಾಗ ಇಷ್ಟನ್ನೇ ಹೇಳಿದೆ. ಯಂಕಣ್ಣ ಕಾಕಾ, "ಗದ್ದಲದಾಗ ಹಿಂಗ ಆಗ್ತದವ್ವಾ, ಇದರಾಗ ಯಾರದೂ ತಪ್ಪಿಲ್ಲ" ಎಂದು ಮುಗಿಸಿದರು. ನೀನು ಒಂದು ಮಾತೂ ಆಡಲಿಲ್ಲ. ನನ್ನನ್ನು ನೋಡುತ್ತಿದ್ದೆ. ಅವತ್ತೇ ನೀನು ಲಾಲಮ್ಮನವರ ಜೊತೆ ಕಕ್ಕೇರಾಕ್ಕೆ ಹೋದೆ.

ಇಪ್ಪತ್ಮೂರಕ್ಕೆ ಊರು ತಲುಪುತ್ತೇನೆ. ಈ ಪತ್ರ ನನ್ನ ನಂತರ ಬರುತ್ತದೆ. ನೀನು ಓದುವ ತನಕ ನಾನು ಕಕ್ಕೇರಾದ ಕಡೆಗೆ ಬರುವುದಿಲ್ಲ, ಫೋನೂ ಮಾಡುವುದಿಲ್ಲ. ಓದಿದ ಮೇಲೆ ಜೂನ್ ಒಂದಕ್ಕೆ ಎಲ್ಲಿಗೆ ಹೋಗುವುದು ಎಂಬುದು ನಿನ್ನದು.

ದೇವಿಂದ್ರ

ಸಹಿ ಮಾಡಿದ ಮೇಲೆ ಬರೆದದ್ದು: ಇದನ್ನು ಊರಿಗೆ ಒಯ್ದರೆ ಹರಿದು ಹಾಕುತ್ತೇನೆ, ಆದ್ದರಿಂದ ಇಲ್ಲಿಯ ಅಂಚೆ ಡಬ್ಬಿಗೇ ಹಾಕುತ್ತಿದ್ದೇನೆ. ಬಸ್ಸಿನಲ್ಲಿ ಗದ್ದಲ ಇರಲಿಲ್ಲ. ಹೆಂಗಸರ ಸೀಟುಗಳಲ್ಲಿ ಮೂರು ಖಾಲಿ ಇದ್ದವು. ಮೆಟ್ಟಿಲ ಮೇಲೆ ಕಾಲಿಟ್ಟು ನಾನು ತಿರುಗಿ ನೋಡಿದೆ. ಬೇವಿನ ಗಿಡದ ಬುಡದ ಕಲ್ಲಿನ ಮೇಲೆ ನೀನು ಕುಳಿತಿದ್ದೆ, ಒಂದು ಚಪ್ಪಲಿ ಕೈಯಲ್ಲಿತ್ತು. ಆ ಕೈಯನ್ನೇ ನೀನು ಎತ್ತಿದೆ. ನಾನು ಎತ್ತಲಿಲ್ಲ. ನಾನು ನಿನ್ನನ್ನು ನೋಡಿದ್ದನ್ನು ನೀನು ಕಂಡಿದ್ದೀ, ಹಿರಿಯರ ಮುಂದೆ ಅದನ್ನು ಹೇಳದೆ ನನಗೆ ಬಿಟ್ಟಿದ್ದೀ. ನನಗೆ ನಿನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ಮತ್ತೆ ಕಾಯಬೇಕಲ್ಲ ಎಂಬ ಬೇಸರ, ಅಷ್ಟೇ. ಕಂಡಕ್ಟರ್ ಸೀಟಿಯನ್ನು ಬಾಯಿಯ ಹತ್ತಿರ ಹಿಡಿದುಕೊಂಡು, "ಮತ್ತ ಯಾರರ ಬರೋರು ಅದಾರೇನ್ರಿ ಮಾಸ್ತರ?" ಎಂದು ಕೇಳಿದ. ಇಲ್ಲ ಎಂದೆ.