ದಡಾರದ ಕಿಟಕಿ

ಗುಡ್ಡದ ಮನೆ
ಗುರುವಾರ, ಜೂನ್ 9, 1988

ಮಗಳೇ ಟೆಮ್ವ,

ಹಾಗಲ್ಲ, ಕಣಿವೆಯ ಆ ಮನೆಗೆ ಆಸ್ಪತ್ರೆಯ ವಾರ್ಡಿನ ಕಡೆ ಇದ್ದದ್ದು ಎರಡು ಕಿಟಕಿಯಲ್ಲ, ಒಂದೇ. ನಿನ್ನೆಯಿಡೀ ಮನಸ್ಸಿನಲ್ಲೇ ನಿನ್ನ ಜೊತೆ ಇದೇ ಜಗಳ ಆಡಿದ್ದೇನೆ. ಎರಡನೆಯದು ಎಂದು ನೀನು ನೆನೆಸಿಕೊಂಡಿರುವುದು ಅಡುಗೆಮನೆಯ ಹೊಗೆ ಹೋಗುವ ಕಂಡಿ. ಅದರಲ್ಲಿ ನಿನ್ನ ತಲೆ ಕೂಡ ತೂರುತ್ತಿರಲಿಲ್ಲ. ಒಮ್ಮೆ ತೂರಿಸಲು ಹೋಗಿ ಸಿಕ್ಕಿಹಾಕಿಕೊಂಡು ಅತ್ತಿದ್ದೆ, ನಿಮ್ಮಮ್ಮ ಹೊರಗಿನಿಂದ ಸೋಪು ಹಚ್ಚಿ ಬಿಡಿಸಿದ್ದಳು.

‘ವಿತ್ ರೆಫರೆನ್ಸ್ ಟು ಯುವರ್ ಲೆಟರ್’ ಎಂದು ಶುರುಮಾಡಬೇಕಿತ್ತು. ಕಾಲೇಜಿನಲ್ಲಿ ಆಮೇಲೆ ಏನು ಬರೆಯಬೇಕೆಂದೂ ಕಲಿಸಿದ್ದರು, ಮರೆತುಹೋಗಿದೆ. ಕ್ಷಮೆ ಕೇಳುವ ಸಾಲು ಇತ್ತು ಎಂದಷ್ಟೇ ನೆನಪು. ಆದ್ದರಿಂದ ಕ್ಷಮಿಸು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೊದಲು ಕನ್ನಡಕದ ಕಡ್ಡಿ ಮುರಿದಿತ್ತು. ಅದಕ್ಕೆ ದಾರ ಸುತ್ತಿದೆ. ಆಮೇಲೆ ಸರೋವರದ ಕಡೆಯಿಂದ ಚಳಿಗಾಳಿ ಎದ್ದು ಬೆರಳು ಮಡಚಲಾಗಲಿಲ್ಲ. ಈಗ ಎರಡೂ ನೆಪ ಮುಗಿದಿವೆ. ನಾಳೆ ಅಂಚೆ ಬಸ್ಸು ಇಳಿಯುತ್ತದೆ. ಭಾನುವಾರ ನೀನೂ ಅಳಿಯ ಮಪೋಪನೂ ಚರ್ಚಿನ ಸಭೆಯವರ ಮುಂದೆ ನಿಂತು ಉತ್ತರ ಹೇಳಬೇಕು.

ನೀನು ಕೇಳಿರುವುದು ಒಂದೇ ಪ್ರಶ್ನೆ. ಗಡಿಯಲ್ಲಿ ಮೊಸಾಂಬಿಕ್‌ನಿಂದ ಓಡಿಬಂದವರ ಶಿಬಿರದ ಆಸ್ಪತ್ರೆಗೆ ನಿಮ್ಮಿಬ್ಬರನ್ನೂ ಕಳಿಸುತ್ತಿದ್ದಾರೆ, ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವುದೋ, ನನ್ನ ಹತ್ತಿರ ಬಿಡುವುದೋ? “ನೀವೂ ಅಮ್ಮನೂ ನಮ್ಮನ್ನ ಇಟ್ಕೊಂಡೇ ಕಣಿವೇಲಿ ಮಿಷನ್ ಕೆಲಸ ಮಾಡಿದ್ರಿ. ಅನುಭವ ಇದ್ದೋರು ನೀವೇ ಹೇಳಿ ದಾದಾ” ಎಂದು ಬರೆದಿದ್ದೀಯ. ಹೇಳುತ್ತೇನೆ. ಸ್ವಲ್ಪ ತಾಳು.

ಇಲ್ಲಿ ಎಲ್ಲ ಕ್ಷೇಮ. ಮರಗೆಣಸು ಚೆನ್ನಾಗಿ ಬಂದಿದೆ. ಕಂದು ಕೋಳಿ ಮತ್ತೆ ನನ್ನ ಹಾಸಿಗೆಯ ಮೇಲೆಯೇ ಕಾವಿಗೆ ಕೂತಿದೆ, ನಾನು ಬೆಂಚಿನ ಮೇಲೆ ಮಲಗುತ್ತಿದ್ದೇನೆ. ಈಗ ತಾನೇ ಪಕ್ಕದ ಮನೆಯ ನ್ಯಾಮ್ಸಿಸ್ಕ ಉಪ್ಪು ಕೇಳಿಕೊಂಡು ಬಂದವಳು ಬಾಗಿಲಲ್ಲೇ ನಿಂತಳು.

“ಏನು ಡಾಕ್ಟ್ರೇ, ಬೆಳಿಗ್ಗೆಯಿಂದ ಬರೀತಾನೇ ಇದೀರಿ. ಹೊಸ ಹೆಂಡ್ತಿಗಾ?”

“ಮಗಳಿಗೆ ಕಣಮ್ಮ.”

“ಮಗಳಿಗೆ ಬರೆಯೋರು ಇಷ್ಟು ಸಲ ಎದ್ದು ಓಡಾಡಲ್ಲ. ಬಾವಿ ಹತ್ರ ಹೋದ್ರಿ, ಬಂದ್ರಿ. ಆಡಿನ ಹತ್ರ ಹೋದ್ರಿ, ಬಂದ್ರಿ. ಆಡಿಗೇ ಬೇಜಾರಾಗಿದೆ.”

ಅವಳು ಹೇಳಿದ್ದು ನಿಜ. ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಎಲ್ಲಿಗೆ ಎಂದು ಗೊತ್ತಾಗುವುದಿಲ್ಲ. ನಿನ್ನ ಕಾಗದದ ಪ್ರಶ್ನೆಯಿಂದ ಹೀಗಾದದ್ದಲ್ಲ. ಕೊನೆಯಲ್ಲಿ, ಜಾಗ ಉಳಿದಿತ್ತೆಂದು ಅಂಚಿನಲ್ಲಿ ತಮಾಷೆಗೆ ಬರೆದಿದ್ದೀಯಲ್ಲ, ಅದರಿಂದ. ನಿನ್ನ ಚಿಕ್ಕವನು ತಾವೊಂಗ ಗಾಯವಾದವನ ಹಾಗೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದು ನಿನ್ನ ಕ್ಲಿನಿಕ್ಕಿನ ಸಾಲಿನಲ್ಲಿ ಹೆಂಗಸರ ಮಧ್ಯೆ ಕೂತಿದ್ದ, ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನ ಅಕ್ಕ ಲುಸುಂಗು ಕಿವಿ ಹಿಡಿದು ಮನೆಗೆ ಎಳೆದುಕೊಂಡು ಹೋದಳು ಎಂದು. ನಾನೂ ನಕ್ಕೆ. ಓದಿದ ತಕ್ಷಣ ನಕ್ಕೆ. ಆಮೇಲೆ ಎದ್ದುಹೋಗಿ ಬಾವಿಯ ಹಗ್ಗ ಸರಿಯಾಗಿದೆಯೇ ಎಂದು ನೋಡಿ ಬಂದೆ. ಹಗ್ಗಕ್ಕೆ ಏನೂ ಆಗಿರಲಿಲ್ಲ.

ಕಣಿವೆಯ ಮಾತು ಹೇಳುತ್ತಿದ್ದೆ. ನಿನಗೆ ಏಳು ವರ್ಷ, ನಿನ್ನ ತಮ್ಮ ವೊಂಗನಿಗೆ ನಾಲ್ಕೂ ತುಂಬಿರಲಿಲ್ಲ. ನಮ್ಮ ಸಭೆಯವರು ಹಾಡು ಹೇಳಿ, ಲಾರಿ ಹತ್ತಿಸಿ, ಗಡಿಯಾಚೆ ಲುವಾಂಗ್ವ ಕಣಿವೆಗೆ ಕಳಿಸಿದರು. ಬಿಳಿಯರು ಮಾತ್ರ ಮಿಷನರಿಗಳಾಗುವುದೇನು, ನಾವೂ ಹೋಗುತ್ತೇವೆ ಎಂದು ನನಗೆ ಎದೆ ಉಬ್ಬಿತ್ತು. ನಿಮ್ಮಮ್ಮ ಎಲ್ಲಿಗೆ ಹೋದರೂ ಮೊದಲು ನೀರು ಎಷ್ಟು ದೂರ ಎಂದು ಕೇಳುವವಳು. ಅಲ್ಲಿ ನೀರು ದೂರವಿತ್ತು, ಆನೆ ಹತ್ತಿರವಿತ್ತು. ನಾನು ಡಾಕ್ಟರ ಸಹಾಯಕ ಮಾತ್ರ. ಡಾಕ್ಟರೇ ಇಲ್ಲದ ಕಡೆ ಸಹಾಯಕನನ್ನೇ ಡಾಕ್ಟ್ರೇ ಎನ್ನುತ್ತಾರೆ. ಸೈಕಲ್ ಮೇಲೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುವುದು ನನ್ನ ಪಾಲು, ವಾರ್ಡು ನರ್ಸಾಗಿದ್ದ ನ್ಯಾಹರಾವಳ ಪಾಲು. ನೋಡು, ನಿಮ್ಮಮ್ಮ ಹೋಗಿ ಇಷ್ಟು ವರ್ಷವಾದರೂ ಅವಳ ತವರಿನ ಹೆಸರು ಹಿಡಿದೇ ಕರೆಯುತ್ತಿದ್ದೇನೆ. ಅವಳಿದ್ದಾಗ ಹೀಗೆ ಕರೆದರೆ ಒಳಗಿನಿಂದ “ಕಿವಿ ಇದೆ ನಂಗೆ, ಕೂಗ್ಬೇಡಿ” ಎನ್ನುತ್ತಿದ್ದಳು.

ಬಿಸಿಲು ಏರಿ ಹುಲ್ಲು ಸುಟ್ಟ ಮೇಲೆ ಆ ಕಣಿವೆಗೆ ದಡಾರ ಬರುತ್ತಿತ್ತು. ಆಗ ಅದನ್ನು ತಡೆಯುವ ಸೂಜಿಯಿಲ್ಲ. ಒಂದೊಂದು ಚಾಪೆಗೆ ಇಬ್ಬಿಬ್ಬರು ಮಕ್ಕಳು. ನಿಮ್ಮಮ್ಮ ತನಗೆ ಕಲಿಸಿಕೊಟ್ಟಿದ್ದಂತೆ ಒಂದು ನಿಯಮ ಮಾಡಿದಳು. ದಡಾರ ಮುಗಿಯುವವರೆಗೂ ಅವಳು ಮನೆಯೊಳಗೆ ಕಾಲಿಡುವುದಿಲ್ಲ, ನೀವು ವಾರ್ಡಿನ ಅಂಗಳಕ್ಕೆ ಬರುವಂತಿಲ್ಲ. ಮಾತು, ಊಟ, ಪ್ರಾರ್ಥನೆ ಎಲ್ಲ ಆ ಕಿಟಕಿಯಲ್ಲಿ. ಅಡುಗೆಯ ಹೆಂಗಸು ಸಿಮಾ ಮುದ್ದೆಯ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯಬೇಕು, ಆಮೇಲೆ ಅವಳು ಬಂದು ತೆಗೆದುಕೊಂಡು ಹೊರಗೆ ನಿಂತೇ ತಿನ್ನಬೇಕು. ನೀನು ಅವಳಿಗೆ ಪಾಠ ಒಪ್ಪಿಸುತ್ತಿದ್ದೆ. ವೊಂಗನಿ ಕಟ್ಟೆಗೆ ಗದ್ದ ಊರಿ ಸುಮ್ಮನೆ ಅವಳ ಬಾಯಿ ನೋಡುತ್ತಿದ್ದ. ನೀವಿಬ್ಬರೂ ಅಮ್ಮನ ಆಟ ಆಡಿದರೆ ಅಮ್ಮನಾದವಳು ಮನೆಯ ಹೊರಗೆ ಹೋಗಿ ನಿಲ್ಲಬೇಕಿತ್ತು. ಅಮ್ಮ ಅಂದರೆ ಹೊರಗೆ ನಿಲ್ಲುವವಳು. ನಾನು ಸೈಕಲ್ಲು ಇಳಿದು ಬಂದಾಗ ನೀನು ಹೊರಗೆ ನಿಂತು, “ಕೈ ತೊಳ್ಕೊಂಡ್ಯಾ? ದೂರ ನಿಲ್ಲು” ಎಂದು ಗದರಿಸುತ್ತಿದ್ದದ್ದು ನೆನಪಿದೆಯೇ?

ಪಾದ್ರಿಗಳು ಬಂದ ಸಂಜೆ ನಿನಗೆ ಖಂಡಿತ ನೆನಪಿರುತ್ತದೆ. ಪಾಪ, ಇಡೀ ಕಣಿವೆ ನಡೆದು ಬಂದಿದ್ದರು. ಕೋಳಿ ಕೊಯ್ದಿದ್ದೆವು. ಊಟಕ್ಕೆ ಮುಂಚೆ ಪ್ರಾರ್ಥನೆ, ಅವತ್ತು ವೊಂಗನಿಯ ಸರದಿ. ನಿಮ್ಮಮ್ಮ ಕಿಟಕಿಯ ಆಚೆ ತಲೆ ಬಗ್ಗಿಸಿ ನಿಂತಿದ್ದಾಳೆ. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ ಶುರುಮಾಡಿದ.

“ದೇವರೇ, ವಾರ್ಡಲ್ಲಿರೋರನ್ನೆಲ್ಲ ಬೇಗ ನಿನ್ಹತ್ರ ಕರ್ಕೊ. ನಮ್ಮಮ್ಮ ಮನೆಗೆ ಬರ್ಬೇಕು. ಆಮೆನ್.”

ಪಾದ್ರಿಗಳಿಗೆ ಕೆಮ್ಮು ಬಂತು. “ಹಾಗನ್ಬಾರ್ದು ಮರಿ. ಅವ್ರನ್ನ ಗುಣಮಾಡು ಅಂತ ಕೇಳ್ಬೇಕು.”

“ಗುಣ ಆದ್ರೆ ಹೊಸಬ್ರು ಬರ್ತಾರೆ” ಎಂದ ಅವನು.

ಪಾದ್ರಿಗಳು ನನ್ನ ಮುಖ ನೋಡಿದರು. ನಾನು ಕೋಳಿಯ ಮುಖ ನೋಡಿದೆ. ಹೊರಗೆ ನಿಮ್ಮಮ್ಮ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದಳು, ಭುಜ ಅಲುಗುತ್ತಿತ್ತು. ಬಹಳ ಹೊತ್ತು ಅಲುಗುತ್ತಿತ್ತು. ನಗುವುದು ಯಾವಾಗ ನಿಂತಿತು ಎಂದು ನನಗೆ ಗೊತ್ತಾಗಲಿಲ್ಲ.

ಈ ಕಥೆಯನ್ನು ಮಪೋಪನಿಗೆ ಹೇಳು, ನಗುತ್ತಾನೆ. ನಿಯಮ ಕೇಳಿದರೆ ಇನ್ನೂ ನಗುತ್ತಾನೆ, ಡಾಕ್ಟರಲ್ಲವೇ. ದಡಾರ ಬರುವುದು ಕೆಮ್ಮುವವರಿಂದ, ಗಟ್ಟಿಮುಟ್ಟಾದ ನರ್ಸಮ್ಮನ ಉಡುಪಿಗೆ ಅಂಟಿಕೊಂಡು ಮನೆಗೆ ನಡೆದು ಬರುವುದಿಲ್ಲ, ಅವಳು ಕೈಕಾಲು ತೊಳೆದು ಒಳಗೆ ಬರಬಹುದಿತ್ತು ಎನ್ನುತ್ತಾನೆ. ನಾನೂ ಆಮೇಲೆ ಒಂದು ಪುಸ್ತಕದಲ್ಲಿ ಹಾಗೆಯೇ ಓದಿದೆ. ಆ ಪುಸ್ತಕವನ್ನು ನಿಮ್ಮಮ್ಮನ ಕಣ್ಣಿಗೆ ಬೀಳದ ಹಾಗೆ ಬೇರೆಯವರಿಗೆ ಕೊಟ್ಟುಬಿಟ್ಟೆ.

ಒಂದು ನಿಮಿಷ. ಆಡು ಕೂಗಿತು.

ಏನೂ ಇಲ್ಲ, ಸುಮ್ಮನೆ ಕೂಗಿತ್ತು. ನ್ಯಾಮ್ಸಿಸ್ಕ ಬೇಲಿಯ ಆಚೆಯಿಂದ “ಮತ್ತೆ ಎದ್ರಾ!” ಎಂದಳು.

ಈಗ ಪ್ರಶ್ನೆಗೆ ಬರುತ್ತೇನೆ. ‘ಟು ಕಮ್ ಟು ದಿ ಪಾಯಿಂಟ್.’ ಮಕ್ಕಳನ್ನು ಇಲ್ಲಿ ಬಿಡಬೇಡ. ನನಗೆ ಅವರು ಬೇಡವೆಂದಲ್ಲ, ನಿನಗೇ ಗೊತ್ತು. ಇಲ್ಲಿ ಕಾಲರಾ ಇಲ್ಲ, ಶಾಲೆ ಹತ್ತಿರ, ಹಾಲಿದೆ, ಎಲ್ಲ ಇದೆ. ಆದರೂ ಬೇಡ. ಕರೆದುಕೊಂಡು ಹೋಗು. ನೀರು ಕುದಿಸು, ಕೈ ತೊಳೆಸು, ಮಪೋಪ ಹೇಳಿದ್ದೆಲ್ಲ ಮಾಡು. ಕೆಲಸ ಮಾತ್ರ ಬಿಡಬೇಡ. ಆ ಶಿಬಿರದಲ್ಲಿ ಇನ್ನೊಬ್ಬ ನರ್ಸು ಇಲ್ಲ ಎಂದು ನೀನೇ ಬರೆದಿದ್ದೀಯ.

ಇನ್ನೊಂದು. ಕಣಿವೆಯ ಮನೆಯಲ್ಲಿ ಕಿಟಕಿಯ ಹೊರಗೆ ನಿಲ್ಲಲು ನಿಮ್ಮಮ್ಮ ಇದ್ದಳು, ಒಳಗೆ ನಿಲ್ಲಲು ನಮ್ಮವರು ಯಾರೂ ಇರಲಿಲ್ಲ. ನಾನು ಸೈಕಲ್ಲಿನ ಮೇಲಿದ್ದೆ. ಆದ್ದರಿಂದ ನಾನೂ ಬರುತ್ತೇನೆ. ನನ್ನ ಮಂಡಿ ಸರಿಯಿಲ್ಲ, ನಾನು ಸಿಮಾ ತಿರುವಿದರೆ ಗಂಟುಗಟ್ಟುತ್ತದೆ, ಮಕ್ಕಳಿಗೆ ತಪ್ಪು ತಪ್ಪು ಇಂಗ್ಲಿಷ್ ಕಲಿಸುತ್ತೇನೆ. ಆದರೂ ಮನೆಯೊಳಗೆ ಒಬ್ಬ ಇರುತ್ತಾನೆ. ಆಡನ್ನೂ ಕೋಳಿಯನ್ನೂ ನೋಡಿಕೊಳ್ಳುತ್ತೀಯಾ ಎಂದು ನ್ಯಾಮ್ಸಿಸ್ಕಳನ್ನು ಕೇಳಿದೆ. “ಹೋಗಿ ಡಾಕ್ಟ್ರೇ, ಆಡಿಗೂ ಸ್ವಲ್ಪ ನೆಮ್ಮದಿ ಸಿಗ್ಲಿ” ಎಂದಳು. ಸಭೆಯವರು ಮುದುಕನಿಗೆ ಲಾರಿಯಲ್ಲಿ ಜಾಗ ಇಲ್ಲ ಎಂದರೆ ನನ್ನನ್ನೂ ಔಷಧಿ ಪೆಟ್ಟಿಗೆಗಳ ಜೊತೆ ಸೇರಿಸಿಕೊಳ್ಳಿ ಎನ್ನು.

ಮಪೋಪನಿಗೆ ನನ್ನ ಆಶೀರ್ವಾದ. ಲುಸುಂಗುವಿಗೆ ಒಂದು ಮುತ್ತು, ತಮ್ಮನ ಕಿವಿ ಹಿಡಿದದ್ದಕ್ಕೆ ಒಂದು ಏಟು. ತಾವೊಂಗನನ್ನು ಎತ್ತಿಕೊ. ದೇವರು ನಿಮ್ಮ ನಾಲ್ವರ ಹಾಸಿಗೆಯನ್ನೂ ಒಂದೇ ಸೂರಿನಡಿ ಇಟ್ಟಿರಲಿ. ಕಾಗದ ಮುಗಿಸುವಾಗ ‘ಯುವರ್ಸ್ ಒಬೀಡಿಯೆಂಟ್ಲಿ’ ಎಂದು ಬರೆಯುತ್ತಿದ್ದೆವು. ಮಗಳಿಗೆ ಹಾಗೆ ಬರೆಯುತ್ತಾರೋ ಇಲ್ಲವೋ. ಬರೆದರೆ ತಪ್ಪೇನಿಲ್ಲ ಅನಿಸುತ್ತದೆ.

ನಿನ್ನ ದಾದಾ,
ಯೆಸಾಯ ಲುಹಂಗ

ಮರೆತದ್ದು: ಒಳಗೆ ಕತ್ತಲಾಯಿತೆಂದು ಸಹಿ ಹಾಕಿದೆ. ಮೆಟ್ಟಿಲ ಮೇಲೆ ಇನ್ನೂ ಬೆಳಕಿದೆ, ಇಲ್ಲಿ ಬಂದು ಕೂತಿದ್ದೇನೆ. ಮರೆತದ್ದಲ್ಲ. ನಿಮ್ಮಮ್ಮ ಹೇಳಬೇಡಿ ಎಂದಿದ್ದಳು. “ಹೇಳಿದ್ರೆ ಟೆಮ್ವ ನರ್ಸ್ ಕೆಲಸಾನೇ ಬಿಟ್ಬಿಡ್ತಾಳೆ” ಎಂದಿದ್ದಳು. ತಾನು ತೀರಿಕೊಂಡ ವರ್ಷವೇ ಅವಳು ನನಗೂ ಹೇಳಿದ್ದು, ಅಲ್ಲಿಯವರೆಗೆ ಅವಳೊಬ್ಬಳೇ ಇಟ್ಟುಕೊಂಡಿದ್ದಳು.

ವೊಂಗನಿಗೆ ದಡಾರ ತಗಲಿದ್ದು ನಿನ್ನಿಂದ ಎಂದು ಆ ಅಡುಗೆಯ ಹೆಂಗಸು ನಿನ್ನ ತಲೆಯಲ್ಲಿ ತುಂಬಿದ್ದಳು. ನೀನು ತಮ್ಮನನ್ನು ಬಿಟ್ಟು ತೊರೆಗೆ ಹೋಗಿದ್ದೆಯಂತೆ, ಅವನು ನಿನ್ನನ್ನು ಹುಡುಕುತ್ತಾ ವಾರ್ಡಿನ ಅಂಗಳಕ್ಕೆ ಹೋದನಂತೆ. ಅವನು ತೀರಿಕೊಂಡ ದಿನ ಬಂದಾಗ ಈಗಲೂ ನೀನು ತೊರೆಯ ಮಾತೇ ಬರೆಯುತ್ತೀಯ. ಟೆಮ್ವ, ಅವನು ನಿನ್ನನ್ನು ಹುಡುಕಲಿಲ್ಲ. ನೀನು ಮನೆಯಲ್ಲಿದ್ದಿದ್ದರೆ ಮರುದಿನ ಹೋಗುತ್ತಿದ್ದ. ಆ ಮಧ್ಯಾಹ್ನ ನಿಮ್ಮಮ್ಮ ಕಷಾಯದ ಲೋಟ ಹಿಡಿದು ಚಾಪೆಯಿಂದ ಚಾಪೆಗೆ ಹೋಗುತ್ತಿದ್ದಾಗ ಎರಡು ಮಕ್ಕಳ ನಡುವೆ ಒಂದು ಹೊದಿಕೆ ಹೆಚ್ಚಿಗೆ ಕಂಡಿತು. ಸರಿಸಿದರೆ ಇವನು. ಎಲ್ಲ ರೋಗಿಗಳ ಹಾಗೆ ನಾಲಿಗೆ ಹೊರಗೆ ಚಾಚಿ ತೋರಿಸಿದ.

“ನಂಗೂ ಜ್ವರ ಇದೆ ಸಿಸ್ಟರ್” ಎಂದನಂತೆ. ಅಮ್ಮಾ ಎನ್ನಲಿಲ್ಲ, ಸಿಸ್ಟರ್ ಎಂದ.

ಆಗ ಅವನಿಗೆ ಜ್ವರವಿರಲಿಲ್ಲ. ಮೈ ತಣ್ಣಗಿತ್ತಂತೆ. ಜ್ವರ ಬಂದದ್ದು ಆಮೇಲೆ. ಹೇಗೂ ಒಳಗೆ ಬಂದಾಗಿತ್ತಲ್ಲ ಎಂದು ಅವಳು ಆ ಮಧ್ಯಾಹ್ನ ಅವನನ್ನು ಮಡಿಲಿನಿಂದ ಇಳಿಸಲೇ ಇಲ್ಲ. “ಅವತ್ತು ಇದ್ದಷ್ಟು ಖುಷಿಯಾಗಿ ಅವನು ಯಾವತ್ತೂ ಇರ್ಲಿಲ್ಲ ಕಣ್ರೀ” ಎಂದು ನನಗೆ ಹೇಳಿ, ಗೋಡೆಯ ಕಡೆ ತಿರುಗಿ ಮಲಗಿದಳು.

ನಿನ್ನ ಮಕ್ಕಳಿಗೆ ಸೂಜಿಯಾಗಿದೆ. ನಿನ್ನದು ಬೇರೆ ಕಾಲ, ಬೇರೆ ಮನೆ. ಎಲ್ಲ ಗೊತ್ತು. ಆದರೆ ತಾವೊಂಗ ಮತ್ತೊಮ್ಮೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಸಾಲಿನಲ್ಲಿ ಬಂದು ಕೂತರೆ ನಗಬೇಡ. ಯಾರನ್ನೂ ನಗಲು ಬಿಡಬೇಡ. ಅವನ ಸರದಿ ಬಂದಾಗ ಹೆಸರು ಕರೆ. ಸ್ಟೂಲಿನ ಮೇಲೆ ಕೂರಿಸು. ಬಟ್ಟೆ ಬಿಚ್ಚಿ ಕಾಲು ನೋಡು, ನಿಧಾನವಾಗಿ ನೋಡು. ಹಿಂದಿನವರು ಸ್ವಲ್ಪ ಕಾಯಲಿ.

ಬರೆಯುವ ಸಾಲು ಒಂದರ ಮೇಲೊಂದು ಹತ್ತುತ್ತಿದೆ. ಬೆಳಕು ಹೋಯಿತು.