ಆನೆ ಮತ್ತು ಶಂಖದ ಹುಳು

ಕಾನಕಾನಹಳ್ಳಿ ತಾಲ್ಲೂಕು,
೨೨ನೇ ನವೆಂಬರ್ ೧೯೨೬

ಚಿರಂಜೀವಿ ಸಿದ್ದಗಂಗಯ್ಯನಿಗೆ ನಿನ್ನ ಅಪ್ಪ ಕಾಡಸಿದ್ದಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ಮಂಗಳೂರಿನಿಂದ ನಿನ್ನ ಕಾಗದ ಬಂದು ಆರು ದಿನವಾಯಿತು. ಜವಾಬು ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಲಕೋಟೆಯ ಮೇಲಿನ ಅಕ್ಷರ ನಿನ್ನದಲ್ಲ ಎಂದು ಕಂಡು, ಸಂಜೆಯವರೆಗೆ ಅದನ್ನು ಒಡೆಯದೆ ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದೆ.

ಹೆಂಚಿನ ಕಾರ್ಖಾನೆಯ ಗೆಳೆಯನಿಂದ ನೀನು ಬರೆಸಿದ್ದನ್ನು ನಾಲ್ಕು ಸಲ ಓದಿದೆ. ಸಮುದ್ರದ ದಂಡೆಯಲ್ಲಿ ಚಿತ್ತಾರದ ಶಂಖವೊಂದನ್ನು ಹೆಕ್ಕಿದೆಯಂತೆ, ಒಳಗಿದ್ದ ಹುಳು ಸೂಜಿಯ ಹಾಗೆ ಚುಚ್ಚಿತಂತೆ, ಬಲಗೈ ಭುಜದವರೆಗೆ ಮರಗಟ್ಟಿ ಒಂದು ದಿನ ಉಸಿರಿಗೇ ಕಷ್ಟವಾಯಿತಂತೆ. ಉಸಿರು ಸರಿಹೋದರೂ ಕೈ ಇನ್ನೂ ಏಳುತ್ತಿಲ್ಲ, ಡಾಕ್ಟರು ಏನೂ ಹೇಳುತ್ತಿಲ್ಲ, ಅಪ್ಪಯ್ಯ ಬೇಗ ಬರಲಿ ಎಂದು ಬರೆಸಿದ್ದೀಯ.

ಹೋರಿಯ ಕೊರಳಿಗೆ ಕಟ್ಟಲು ಶಂಖ ಕಳಿಸು ಎಂದು ಕೇಳಿದವನು ನಾನೇ. ನಮ್ಮ ಕಡೆ ಶಂಖ, ಕವಡೆ ಎಂದರೆ ಸಂತೆಯಲ್ಲಿ ದಾರಕ್ಕೆ ಪೋಣಿಸಿಟ್ಟ ಸಾಮಾನು. ಅದರೊಳಗೊಂದು ಜೀವ ಇರುತ್ತದೆಂದು ಯಾರಿಗೆ ಗೊತ್ತಿತ್ತು? ನಿನ್ನ ಅವ್ವ ಬಸಮ್ಮ ಗೋಡೆಗೆ ತೂಗುಹಾಕಿದ್ದ ಹಳೆಯ ಕವಡೆಸರವನ್ನು ಕೋಲಿನಿಂದ ಎತ್ತಿ ಹಿತ್ತಿಲಿಗೆ ಎಸೆದಳು. ಕೈಯಲ್ಲಿ ಮುಟ್ಟಲಿಲ್ಲ.

ಪಕ್ಕದ ಹೊಲದ ಲಿಂಗಯ್ಯ ನಂಬಲೇ ಇಲ್ಲ. "ಆನೆ ಓಡ್ಸೋರ ಮಗ, ಹೆಬ್ಬೆಟ್ಟು ಗಾತ್ರದ ಹುಳಕ್ಕೆ ಮಲಗ್ಬುಟ್ನಾ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆನೆ ಬಂದರೆ ಬಿದಿರು ಲಟಲಟ ಮುರಿಯುತ್ತದೆ, ಗಾಳಿಯಲ್ಲಿ ವಾಸನೆ ಬರುತ್ತದೆ, ಮರ ಹತ್ತಲು ಹೊತ್ತು ಸಿಗುತ್ತದೆ. ತಮಟೆ ಬಡಿದರೆ ಎಷ್ಟೋ ಸಲ ಹಿಂದಕ್ಕೂ ಹೋಗುತ್ತದೆ. ನೀರಿನ ಹುಳುವಿಗೆ ತಮಟೆಯನ್ನು ಎಲ್ಲಿ ನಿಂತು ಬಡಿಯಲಿ? ನೀರು ಕುಡಿಯಲು ಚೊಂಬು ಎತ್ತಿದರೂ ಈಗ ಒಳಗೆ ಇಣುಕಿ ನೋಡುತ್ತೇನೆ.

ರಾಗಿ ಕೊಯ್ಲಿಗೆ ಬಂದಿದೆ. ಮೂರು ಆನೆಗಳು ಹಳ್ಳದ ಆಚೆ ಬಂದು ನಿಂತಿವೆ. ಕಾವಲು ಬಿಟ್ಟು ಬರುವಂತಿಲ್ಲ, ಕಣದ ಕೆಲಸ ಮುಗಿದ ಕೂಡಲೇ ಬರುತ್ತೇನೆ. ಅಲ್ಲಿಯವರೆಗೆ ಗಂಜಿ ಕುಡಿ, ಸಮುದ್ರದ ಹತ್ತಿರ ಸುಳಿಯಬೇಡ. ಎಡಗೈಯಲ್ಲಾದರೂ ಒಂದು ಸಾಲು ಗೀಚಿ ಕಳಿಸು. ನಿನ್ನ ಅವ್ವನ ಆಶೀರ್ವಾದವೂ ಇದೆ. ಶಿವ ನಿನ್ನ ಕೈಯನ್ನು ನಿನಗೆ ಹಿಂದಿರುಗಿಸಲಿ.

ಇಂತು ನಿನ್ನ ಅಪ್ಪ,
ಕಾಡಸಿದ್ದಪ್ಪ

ವಿ.ಸೂ.: ಇದನ್ನು ನೀನೇ ಓದಿಕೋ, ಯಾರಿಂದಲೂ ಓದಿಸಬೇಡ. ಮೇಲೆ ಬರೆದ ಕಾವಲಿನ ಮಾತು ಬರೀ ನೆಪ, ಹೊಲವನ್ನು ಲಿಂಗಯ್ಯ ನೋಡಿಕೊಳ್ಳುತ್ತಾನೆ. ನಿನ್ನನ್ನು ಯಾವ ಸ್ಥಿತಿಯಲ್ಲಿ ನೋಡಬೇಕಾಗುತ್ತದೋ ಎಂದು ನನಗೆ ಭಯ. ನಿನ್ನ ಅಣ್ಣ ಚನ್ನಲಿಂಗಪ್ಪನನ್ನು ಆನೆ ತುಳಿದು ಕೊಂದ ದಿನ ನಾನು ಸಂತೆಗೆ ಹೋಗಿದ್ದೆ ಎಂದು ನಿಮಗೆಲ್ಲ ಹೇಳಿದ್ದೆ. ಹೋಗಿರಲಿಲ್ಲ. ಹೊಲದ ಮರಕ್ಕೆ ಕಟ್ಟಿದ ಕಾವಲಿನ ಅಟ್ಟಣೆಯ ಮೇಲೇ ಇದ್ದೆ. "ಅಪ್ಪಯ್ಯ, ಕಾಲು ಸಿಕ್ಕೊಂಡೈತೆ, ಒಸಿ ಬಾ" ಎಂದು ಕರೆದ. ನಾನು ಕೊಂಬೆ ಅಪ್ಪಿಕೊಂಡು ಕಣ್ಣು ಮುಚ್ಚಿದ್ದೆ, ಇಳಿಯಲಿಲ್ಲ.

ಈ ಕಾಗದ ಇವತ್ತೇ ಅಂಚೆಗೆ ಹೋಗುತ್ತದೆ. ಅದರ ಹಿಂದೆಯೇ ನಾಳೆ ಕ್ಲೋಸ್‌ಪೇಟೆಯಲ್ಲಿ ರೈಲು ಹತ್ತುತ್ತೇನೆ. ಹೊರಡುವ ಮೊದಲು ನಿನ್ನ ಅವ್ವನಿಗೂ ಇದನ್ನು ಹೇಳುತ್ತೇನೆ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಗೋಡೆಯ ಕಡೆ ತಿರುಗಿ ಮಲಗಿರು ಮಗನೇ, ನಾನು ಪಕ್ಕದಲ್ಲೇ ಕೂತಿರುತ್ತೇನೆ.